ಒಂದು ಸುಳ್ಳು ರೈಟ್

ನನ್ನ ಅಕ್ಕನಿಗೆ ಗಂಡು ಹುಡುಕಿಕೊಟ್ಟವನು ನಾನೇ. ಮನೆತನ, ಆಸ್ತಿ, ಮೈಬಣ್ಣ ಒಂದನ್ನೂ ವಿಚಾರಿಸಲಿಲ್ಲ. "ನಮ್ಮ ಬಸ್ಸಿನ ಡ್ರೈವರು. ಬ್ರೇಕ್ ಹಾಕಿದ್ರೆ ನಿಂತವರು ಬೀಳೋದಿಲ್ಲ" ಎಂದು ಅಪ್ಪನಿಗೆ ಹೇಳಿದೆ. ಅಪ್ಪ ಒಂದು ದಿನ ಹೇಳದೆ ಕೇಳದೆ ಬಸ್ ಹತ್ತಿದರು. ಸೀಟು ಖಾಲಿಯಿದ್ದರೂ ಕೂರದೆ, ಕಂಬವನ್ನೂ ಹಿಡಿಯದೆ, ಕೊನೆಯ ನಿಲ್ದಾಣದವರೆಗೆ ನಿಂತೇ ಹೋಗಿ ಬಂದರು. ಬೀಳಲಿಲ್ಲ. ಮದುವೆಯಾಯಿತು.

ಭಾವ ಮತ್ತು ನಾನು ಒಟ್ಟು ಇಪ್ಪತ್ತೇಳು ವರ್ಷ ಒಂದೇ ಬಸ್ಸಿನಲ್ಲಿ ದುಡಿದೆವು. ಅವರದು ಸ್ಟೀರಿಂಗ್, ನನ್ನದು ಟಿಕೆಟ್ಟು. ಬಸ್ ಓಡಿಸುವವನು ಡ್ರೈವರ್ ಎಂದು ಜನ ತಿಳಿದಿದ್ದಾರೆ, ತಿಳಿದುಕೊಳ್ಳಲಿ. ಡ್ರೈವರಿಗೆ ಕಾಣುವುದು ಮುಂದಿನದು ಮಾತ್ರ. ಹಿಂದಿನ ಬಾಗಿಲಲ್ಲಿ ಯಾರ ಕಾಲು ಮೆಟ್ಟಿಲ ಮೇಲಿದೆ, ಯಾರ ಚೀಲ ಸಿಕ್ಕಿಕೊಂಡಿದೆ, ಅವನಿಗೇನು ಗೊತ್ತು? ಕಂಡಕ್ಟರ್ ಎರಡು ಸಲ ತಗಡು ತಟ್ಟಿ "ರೈಟ್" ಎನ್ನಬೇಕು, ಆಮೇಲೆ ಚಕ್ರ ಉರುಳಬೇಕು. ನನ್ನ ರೈಟ್ ಬಿದ್ದ ಮೇಲೆ ಭಾವ ಒಂದು ದಿನವೂ ತಿರುಗಿ ನೋಡಿದವರಲ್ಲ. ಕನ್ನಡಿಯತ್ತ ಕೂಡ ಕಣ್ಣು ಹಾಯಿಸುತ್ತಿರಲಿಲ್ಲ. ಅವರ ಮುಖಕ್ಕಿಂತ ಅವರ ಕತ್ತೇ ನನಗೆ ಹೆಚ್ಚು ಪರಿಚಯ: ಎಡಗಿವಿಯ ಕೆಳಗೆ ಕಡಲೆಕಾಳಿನಷ್ಟು ಮಚ್ಚೆ, ಕಾಲರಿನ ಮೇಲೆ ಎರಡು ಮಡಿಕೆ.

ನಮ್ಮ ಡಿಪೋದಲ್ಲಿ ಒಬ್ಬ ಕಂಡಕ್ಟರ್ ಇದ್ದ. ಮಾತಿನ ಮಲ್ಲ. ಒಮ್ಮೆ ಯಾರದೋ ಜೊತೆ ಹರಟುತ್ತ, ನೋಡದೆಯೇ ರೈಟ್ ಕೊಟ್ಟ. ಒಬ್ಬ ಮುದುಕಿಯ ಒಂದು ಕಾಲು ಇನ್ನೂ ನೆಲದ ಮೇಲಿತ್ತು. ಡ್ರೈವರ್ ಬ್ರೇಕ್ ತುಳಿದು ಕೇಳಿದ್ದು ಒಂದೇ ಮಾತು, "ಯಾರಾದ್ರೂ ಬಿದ್ರಾ?" ಅಂಥ ಹೊತ್ತಿನಲ್ಲಿ ಯಾವ ಡ್ರೈವರಾದರೂ ಕೇಳುವುದು ಅಷ್ಟೇ. ಯಾಕೆ, ಹೇಗೆ, ಯಾರ ತಪ್ಪು ಎಂಬುದೆಲ್ಲ ಆಮೇಲೆ. ಮುದುಕಿ ಬದುಕಿದಳು. ಆ ಕಂಡಕ್ಟರನ ಕೆಲಸವೂ ಉಳಿಯಿತು. ಆದರೆ ಅವನು ರೈಟ್ ಅಂದಾಗಲೆಲ್ಲ ಯಾವ ಡ್ರೈವರಾದರೂ ಒಮ್ಮೆ ಕತ್ತು ತಿರುಗಿಸಿ ತಾನೇ ನೋಡಿಕೊಂಡು ಹೊರಡುತ್ತಿದ್ದ. ಹನ್ನೆರಡು ವರ್ಷ ಹಾಗೇ ನಡೆಯಿತು. ಕಂಡಕ್ಟರಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಇಬ್ಬರೂ ನಿವೃತ್ತರಾದೆವು. ಸಂಜೆ ಅಕ್ಕನ ಮನೆಗೆ ಹೋಗುವುದು, ಮಹಡಿಯ ಬಾಲ್ಕನಿಯಲ್ಲಿ ಭಾವನ ಪಕ್ಕ ಕೂರುವುದು, ಕೆಳಗೆ ಹೋಗುವ ಬಸ್ಸುಗಳ ಡ್ರೈವರುಗಳಿಗೆ ಬೈಯುವುದು ನನ್ನ ದಿನಚರಿಯಾಯಿತು. ಭಾವನದು ಮಾತು ಕಮ್ಮಿ. ನಾನು ಬೈದದ್ದಕ್ಕೆ "ಹೂಂ" ಎನ್ನುತ್ತ ಕುರ್ಚಿಯ ಕೈಯನ್ನು ಗೇರಿನಂತೆ ಹಿಂದೆ ಮುಂದೆ ಸವರುತ್ತಿದ್ದರು. ಅಕ್ಕ ಅದನ್ನು ನೋಡಿ, "ಕುರ್ಚಿ ಮುರಿದು ಹೋಗುತ್ತೆ, ನ್ಯೂಟ್ರಲ್ಲಿಗೆ ಹಾಕಿ" ಎಂದು ರೇಗಿಸುತ್ತಿದ್ದಳು. ನನಗೆ ಇನ್ನೇನೂ ಬೇಕಿರಲಿಲ್ಲ.

ಆಗ ನಡುವೆ ಬಂದವಳು ಅಕ್ಕನ ಸೊಸೆ.

ಒಳ್ಳೆಯ ಹುಡುಗಿ. ಇದನ್ನು ಹೇಳಲು ನನಗೆ ಇಷ್ಟವಿಲ್ಲ, ಆದರೂ ಹೇಳುತ್ತೇನೆ. ಹಲ್ಲಿನ ಆಸ್ಪತ್ರೆಯೊಂದಕ್ಕೆ ಬರುವ ಫೋನುಗಳನ್ನು ಮನೆಯಿಂದಲೇ ನೋಡಿಕೊಳ್ಳುತ್ತಾಳೆ. ಹಲ್ಲುನೋವಿನಿಂದ ಕಿರುಚುವವರೂ ಎರಡು ನಿಮಿಷದಲ್ಲಿ ತಣ್ಣಗಾಗುತ್ತಾರೆ, ಅಂಥ ದನಿ. ಭಾವನನ್ನು ದೊಡ್ಡಮಾವ ಅನ್ನುತ್ತಾಳೆ, ನನ್ನನ್ನು ಚಿಕ್ಕಮಾವ. ಅಲ್ಲಿಯೂ ನನಗೆ ಎರಡನೆಯ ಸ್ಥಾನವೇ. ಅವಳು ಭಾವನ ಕೈ ಸುಮ್ಮನಿರದಿರುವುದನ್ನು ನೋಡಿ, ಕಂಪ್ಯೂಟರಿನಲ್ಲಿ ಬಸ್ ಓಡಿಸುವ ಆಟವೊಂದನ್ನು ಹಾಕಿಕೊಟ್ಟಳು. ಹಿಮ ಬೀಳುವ ಬೆಟ್ಟದ ದಾರಿ, ತಿರುವು, ನಿಲ್ದಾಣ, ಹತ್ತಿ ಇಳಿಯುವ ಗೊಂಬೆ ಪ್ರಯಾಣಿಕರು. ಭಾವ ಕೀಲಿಮಣೆಯಲ್ಲೇ ಓಡಿಸಿದರು. ಗೊಂಬೆಗಳೂ ಬೀಳಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಅವಳು ಆಟವನ್ನು ಲೈವ್ ಬಿಟ್ಟಳು. ಎಲ್ಲೆಲ್ಲಿಯವರೋ ತಮ್ಮ ತಮ್ಮ ಮನೆಯಲ್ಲಿ ಕೂತು ಭಾವನ ಚಾಲನೆ ನೋಡತೊಡಗಿದರು. ಮೊದಲ ದಿನ ಹನ್ನೊಂದು ಜನ, ಮೂರು ತಿಂಗಳಲ್ಲಿ ಮುನ್ನೂರು. ನೋಡುವವರು ಬರೆದು ಕಳಿಸುವ ಮಾತುಗಳನ್ನು ಇವಳು ಪಕ್ಕದ ಸ್ಟೂಲಿನಲ್ಲಿ ಕೂತು ಓದಿ ಹೇಳುವಳು. ಭಾವ ರಸ್ತೆಯ ಮೇಲಿನ ಕಣ್ಣು ತೆಗೆಯದೆ ಉತ್ತರ ಕೊಡುವರು. ಇನ್ನೊಂದು ವಿಷಯವಿತ್ತು. ನಿಲ್ದಾಣದಲ್ಲಿ ಗೊಂಬೆಗಳೆಲ್ಲ ಹತ್ತಿ, ಬಾಗಿಲು ತಾನಾಗಿ ಮುಚ್ಚಿಕೊಂಡರೂ ಭಾವ ಬಸ್ ಬಿಡುತ್ತಿರಲಿಲ್ಲ. ಆಟಕ್ಕೆ ಕಂಡಕ್ಟರ್ ಬೇಕಿಲ್ಲ, ಭಾವನಿಗೆ ಬೇಕು. ಇವಳು ಮೇಜು ತಟ್ಟಿ "ರೈಟ್ ದೊಡ್ಡಮಾವ" ಎನ್ನುವವರೆಗೆ ಅವರು ಕ್ಲಚ್ಚಿನ ಮೇಲೆ ಕಾಲಿಟ್ಟವರಂತೆ ಕಾಯುತ್ತಿದ್ದರು. ನೋಡುವವರಿಗೆ ಇದೇ ದೊಡ್ಡ ಮೋಜು. ಅವಳಿಗೊಂದು ಹೆಸರಿಟ್ಟರು: ಕಂಡಕ್ಟರ್ ಮೇಡಂ.

ನನಗೆ ಹೊಟ್ಟೆಕಿಚ್ಚಾಯಿತು. ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ಬಾಲ್ಕನಿಯಲ್ಲಿ ಒಬ್ಬನೇ ಕೂತಿರುತ್ತಿದ್ದೆ. ಒಳಗಿನಿಂದ ಟಕ್ ಟಕ್, "ರೈಟ್," ಮತ್ತೆ ಅವರಿಬ್ಬರ ನಗು. ಒಂದು ಟಿಕೆಟ್ ಹರಿದವಳಲ್ಲ, ಚಿಲ್ಲರೆಗೆ ಜಗಳವಾಡಿದವಳಲ್ಲ, ಕಿಕ್ಕಿರಿದ ಬಸ್ಸಿನಲ್ಲಿ ಒಂದು ಕಾಲಿನ ಮೇಲೆ ನಿಂತವಳಲ್ಲ, ಅವಳು ಕಂಡಕ್ಟರ್! ನನ್ನ ಹೆಂಡತಿಗೆ ಹೇಳಿದರೆ, "ಅವರ ಬಸ್ಸು, ಅವರ ಸೊಸೆ. ನಿಮಗೆ ಎಲ್ಲಿ ಉರಿಯುತ್ತೆ?" ಎಂದಳು. ಎಲ್ಲೆಲ್ಲಿ ಉರಿಯುತ್ತಿತ್ತೋ ಅದನ್ನೆಲ್ಲ ಹೆಂಡತಿಗೆ ತೋರಿಸಲಾಗುವುದಿಲ್ಲ.

ನೋಡುವವರು ಹೆಚ್ಚಿದಂತೆ ಕೀಲಿಮಣೆ ಸಾಲದಾಯಿತು. ಸರಿಯಾದ ಸಾಮಾನು ಕೊಳ್ಳಬೇಕೆಂದು ಭಾವ ನಿರ್ಧರಿಸಿದರು. ಸೊಸೆಗೆ ಆ ದಿನ ರಜೆ ಸಿಗಲಿಲ್ಲ. "ನೀನು ಬಾ" ಎಂದು ನನ್ನನ್ನು ಕರೆದರು. ಕರೆದದ್ದಕ್ಕೆ ಎಷ್ಟು ಹಿಗ್ಗಿದೆನೆಂದರೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ.

ಅಂಗಡಿ ಎರಡನೆಯ ಮಹಡಿಯಲ್ಲಿತ್ತು. ಗೋಡೆಯ ತುಂಬ ಬಣ್ಣದ ದೀಪ ಮಿನುಗುವ ಪೆಟ್ಟಿಗೆಗಳು. ಅಂಗಡಿಯಾಕೆ ಮೂವತ್ತರ ಆಸುಪಾಸಿನವಳು, ಕತ್ತಿಗೆ ಅಳತೆ ಟೇಪು ಹಾಕಿಕೊಂಡಿದ್ದಳು. ಮೊದಲು ಸ್ಟೀರಿಂಗ್ ತೋರಿಸಿದಳು. ಭಾವ ಮೂರನ್ನು ತಿರುಗಿಸಿ ನೋಡಿ, ಅತ್ಯಂತ ಬಿಗಿಯಾಗಿದ್ದುದನ್ನು ಹಿಡಿದು, "ಇದು ಸ್ವಲ್ಪ ಪರವಾಗಿಲ್ಲ. ಉಳಿದವು ಮಜ್ಜಿಗೆ ಕಡೆದ ಹಾಗೆ" ಎಂದರು. ಪೆಡಲುಗಳ ಮುಂದೆ ಬಗ್ಗಿ ಕೂತು ಕ್ಲಚ್ಚನ್ನು ಅಂಗೈಯಿಂದ ಒತ್ತಿ ನೋಡಿದರು. ಅಂಗಡಿಯಾಕೆ ಕಾಲಿಗೆ ಚಕ್ರವಿರುವ ಕುರ್ಚಿಯೊಂದನ್ನು ತಂದು, ರೇಸ್ ಕಾರಿನದಂಥ ಸೀಟು, ಇದಕ್ಕೇ ಹೆಚ್ಚು ಬೇಡಿಕೆ ಎಂದಳು. ಭಾವ ಕೂತು ಕ್ಲಚ್ ಒತ್ತಿದರು. ಕ್ಲಚ್ ಅಲ್ಲೇ ಉಳಿಯಿತು, ಭಾವ ಕುರ್ಚಿ ಸಮೇತ ಹಿಂದಕ್ಕೆ ಹೋಗಿ ದೀಪಗಳ ಕಪಾಟಿಗೆ ತಗುಲಿದರು.

"ಮನೆಯಲ್ಲಿ ನಾಲ್ಕು ಕಾಲಿನ ಕುರ್ಚಿ ಇದೆ" ಎಂದು ಎದ್ದು ನಿಂತರು.

ಮುಖಕ್ಕೆ ಬೆಳಕು ಬೀಳುವ ಉರುಟು ದೀಪ ಬೇಡವೇ ಬೇಡ ಅಂದರು. ಒಳಗೆ ದೀಪವಿದ್ದರೆ ಮುಂದಿನ ಗಾಜಿನಲ್ಲಿ ನಮ್ಮ ಮುಖವೇ ಕಾಣುತ್ತೆ, ರಸ್ತೆ ಕಾಣಲ್ಲ ಎಂಬ ವಾದ. ಕ್ಯಾಮೆರಾ ಚಿಕ್ಕದೇ ಸಾಕು, ಆದರೆ ತನ್ನ ಬೆನ್ನ ಹಿಂದೆ ಇಡಬೇಕು. ಅಂಗಡಿಯಾಕೆಗೆ ನಗು ತಡೆಯಲಾಗಲಿಲ್ಲ. "ಎಲ್ಲರೂ ಮುಖ ತೋರಿಸ್ತಾರೆ ಸಾರ್."

"ಪ್ಯಾಸೆಂಜರಿಗೆ ಡ್ರೈವರ್ ಮುಖ ಯಾಕೆ? ಅವರು ನೋಡೋದು ಕತ್ತು."

ನನಗೆ ಅಲ್ಲೂ ಒಂದು ಚುಚ್ಚಿತು. ಆ ಕತ್ತು ಇಪ್ಪತ್ತೇಳು ವರ್ಷ ನನ್ನ ಸ್ವತ್ತಾಗಿತ್ತು. ಇನ್ನು ಮುನ್ನೂರು ಜನರ ಪಾಲು.

ಕೊನೆಗೆ ಮೈಕು. ಕಿವಿ ಮುಚ್ಚುವ ಹೆಡ್‌ಫೋನಿನಲ್ಲೇ ಮೈಕ್ ಇರುವುದನ್ನು ಅಂಗಡಿಯಾಕೆ ತೆಗೆದಳು. "ಕಿವಿ ಮುಚ್ಚಿಕೊಂಡು ಬಸ್ ಓಡಿಸೋದಾ? ಕಂಡಕ್ಟರ್ ಮಾತು ಕೇಳಿಸಬೇಕಲ್ಲ" ಎಂದರು ಭಾವ. ಕಂಡಕ್ಟರ್ ಅಂದಾಗ ಅವರು ನನ್ನ ಕಡೆ ನೋಡಲಿಲ್ಲ. ಅಂಗಡಿಯಾಕೆ ಮೇಜಿನ ಮೇಲೆ ಇಡುವ ಎರಡು ಮೈಕುಗಳನ್ನು ಮುಂದಿಟ್ಟಳು. ಒಂದು ಕಪ್ಪಗೆ, ದಪ್ಪಗೆ, ಸೌತೆಕಾಯಿಯಷ್ಟಿತ್ತು. ಇನ್ನೊಂದು ಬೂದು ಬಣ್ಣದ್ದು, ಗಿಡ್ಡ.

"ಕಪ್ಪಿನದು ಒಂದು ಗೇಣು ದೂರದಲ್ಲಿ, ಎದುರಿಗೆ ಮಾತಾಡಿದ್ದನ್ನ ಮಾತ್ರ ಕಳಿಸುತ್ತೆ. ಪಕ್ಕದಲ್ಲಿ ಯಾರು ಅರಚಿದರೂ ಅದಕ್ಕೆ ಕಿವುಡು. ಬೀದಿ ಗಲಾಟೆ ಇರೋ ಮನೆಗೆ ಒಳ್ಳೇದು. ಬೂದಿನದು ಸುತ್ತಲಿನದನ್ನೂ ಕೇಳಿಸಿಕೊಳ್ಳುತ್ತೆ. ಇಬ್ಬರು ಮಾತಾಡೋದಾದ್ರೆ ಅದೇ ಸರಿ" ಎಂದು ಹೇಳಿ ವೈರು ತರಲು ಒಳಗೆ ಹೋದಳು.

ಭಾವ ಆಗ ಪೆಡಲಿನ ತಳದ ರಬ್ಬರನ್ನು ಪರೀಕ್ಷಿಸುತ್ತಿದ್ದರು. ಅರ್ಧ ಕೇಳಿಸಿಕೊಂಡಿದ್ದರು. "ಯಾವುದು ತಗೊಳ್ಳೋಣ? ಹುಡುಗಿ ದನಿನೂ ಹೋಗಬೇಕು."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುತ್ತಾರಲ್ಲ, ಅಂಥ ಕೋಲು ನನ್ನ ಕೈಯಲ್ಲೇ ಇತ್ತು. ಕಪ್ಪಗೆ, ದಪ್ಪಗೆ.

"ಕಪ್ಪಿಂದೇ ಭಾವ. ನಿಮ್ಮ ಕೋಣೆ ಅಷ್ಟು ಚಿಕ್ಕದು. ಪಕ್ಕದಲ್ಲಿ ಕೂತವರ ದನಿ ತಾನಾಗಿ ಹೋಗುತ್ತೆ."

ಅವರು ತಲೆ ಎತ್ತಲಿಲ್ಲ. "ರೈಟಾ?"

"ರೈಟ್" ಎಂದೆ.

ಭಾವ ಅದನ್ನೇ ಕಟ್ಟಿಸಿಕೊಂಡರು. ತಿರುಗಿ ನೋಡಲಿಲ್ಲ.

ಮರುದಿನದಿಂದ ನಾನು ಅಕ್ಕನ ಮನೆಗೆ ಹೋಗಲಿಲ್ಲ. ಮೊಣಕಾಲು ನೋವು ಎಂದೆ. ಮನೆಯಲ್ಲೇ ಕೂತು ಫೋನಿನಲ್ಲಿ ನೋಡಿದೆ. ಹೊಸ ಸ್ಟೀರಿಂಗಿನಲ್ಲಿ ಭಾವನ ಚಾಲನೆ ಬೆಣ್ಣೆಯ ಹಾಗಿತ್ತು. ಪರದೆಯ ಮೂಲೆಯಲ್ಲಿ ಅವರ ಕತ್ತು, ಮಚ್ಚೆ, ಎರಡು ಮಡಿಕೆ. ದನಿ ರೇಡಿಯೋದವರ ದನಿಯಂತೆ ಗಂಭೀರ. ಆದರೆ ಅವರು ಯಾರಿಗೋ ಉತ್ತರ ಕೊಡುತ್ತಿದ್ದರು, ಪ್ರಶ್ನೆ ಯಾರಿಗೂ ಕೇಳಿಸುತ್ತಿರಲಿಲ್ಲ. ನೋಡುವವರು ಬರೆದರು: "ಮೇಡಂ ದನಿ ಬರ್ತಿಲ್ಲ." "ಕಂಡಕ್ಟರ್ ಇಳಿದುಬಿಟ್ರಾ?" ಅವಳು ಆ ಸಾಲುಗಳನ್ನು ಓದಿ ಹೇಳಲಿಲ್ಲವೇನೋ, ಭಾವ ಅವಕ್ಕೆ ಉತ್ತರ ಕೊಡಲಿಲ್ಲ. ಎರಡು ದಿನ ಅವಳು ಮೈಕಿನ ಹತ್ತಿರ ಬಗ್ಗಿ ಬಗ್ಗಿ ಮಾತಾಡಿದಳು. ತಿರುವಿನಲ್ಲಿ ಭಾವನ ಮೊಣಕೈ ಅವಳಿಗೆ ತಗುಲಿತು. ಮೂರನೆಯ ದಿನ ಕೊನೆಯ ನಿಲ್ದಾಣ ಬರುವ ಮೊದಲೇ ಸ್ಟೂಲು ಖಾಲಿ. ನನಗೆ ಖುಷಿಯಾಯಿತು. ಆ ಸಂಜೆ ಎರಡು ತುತ್ತು ಹೆಚ್ಚಿಗೆ ಉಂಡೆ.

ಖುಷಿ ಬಾಳಲಿಲ್ಲ. ನಾಲ್ಕನೆಯ ದಿನ ಭಾವ ಬೆಟ್ಟದ ಮೇಲಿನ ನಿಲ್ದಾಣವೊಂದರಲ್ಲಿ ಬಸ್ ನಿಲ್ಲಿಸಿದರು. ಗೊಂಬೆಗಳು ಹತ್ತಿದವು. ಬಾಗಿಲು ಮುಚ್ಚಿತು. ಬಸ್ ಹೊರಡಲಿಲ್ಲ. ಒಂದು ನಿಮಿಷ, ಎರಡು ನಿಮಿಷ. ಹಿಮ ಬೀಳುತ್ತಲೇ ಇತ್ತು. ನೋಡುವವರು ಮೊದಲು ನಕ್ಕರು, ಆಮೇಲೆ ಬೈದರು, ಆಮೇಲೆ ಒಬ್ಬೊಬ್ಬರಾಗಿ ಹೊರಟರು. ನನ್ನ ಬೆರಳು ತಾನಾಗಿ ಊಟದ ಮೇಜನ್ನು ಎರಡು ಸಲ ತಟ್ಟಿತು. ಎರಡು ಬೀದಿ ಆಚೆಯ ಭಾವನಿಗೆ ಅದು ಕೇಳಿಸುವುದೆಲ್ಲಿಂದ? ತಡವಾಯಿತೆಂದು ಆಟವೇ ಗಂಟೆ ಬಾರಿಸಿ ಗದರಿಸಿದ ಮೇಲೆ ಬಸ್ ಮೆಲ್ಲಗೆ ಕದಲಿತು. ವಾರದೊಳಗೆ ಮುನ್ನೂರು ನಲವತ್ತಕ್ಕೆ ಇಳಿಯಿತು.

ಅಕ್ಕ ಫೋನ್ ಮಾಡಿದಳು. "ನಿನ್ನ ಮೊಣಕಾಲು ಹೊತ್ಕೊಂಡು ಒಂದ್ಸಲ ಬಾ. ನಿಮ್ಮ ಭಾವ ನಿಂತ ಬಸ್ಸಲ್ಲಿ ಕೂತಿರ್ತಾರೆ. ಹುಡುಗಿ ಕೇಳಿದ್ರೆ ಕೆಲಸ ಜಾಸ್ತಿ ಅಂತಾಳೆ. ಇಬ್ಬರೂ ಬಾಯಿ ಬಿಡಲ್ಲ. ನಾನು ಯಾರನ್ನ ಕೇಳಲಿ?"

ಹೋದೆ. ಸತ್ಯ ಹೇಳಬೇಕೆಂದರೆ ಓಡಿದೆ. ಅಕ್ಕನ ಸಂಕಟಕ್ಕಲ್ಲ, ಖಾಲಿ ಸ್ಟೂಲಿಗೆ.

ಭಾವ ಓಡಿಸುತ್ತಿದ್ದರು. ನಾನು ಪಕ್ಕದಲ್ಲಿ ಕೂತಾಗ ಕಣ್ಣು ತೆಗೆಯದೆ, "ಬಂದೆಯಾ" ಎಂದರು, ಅಷ್ಟೇ. ನಿಲ್ದಾಣ ಬಂತು. ಗೊಂಬೆಗಳು ಹತ್ತಿದವು. ನಾನು ಮೇಜು ತಟ್ಟಿ ಹಳೆಯ ಗಂಟಲಿನಲ್ಲಿ "ರೈಟ್" ಅಂದೆ. ಬಸ್ ಹೊರಟಿತು. ಎದೆ ಉಬ್ಬಿತು. ಮುಂದಿನ ನಿಲ್ದಾಣದ ಹೆಸರನ್ನು ಎಳೆದು ಕೂಗಿದೆ, ಒಳಗೆ ಸರಿಯಿರಿ ಎಂದೆ, ಮೆಟ್ಟಿಲ ಮೇಲೆ ನಿಲ್ಲಬೇಡಿ ಎಂದೆ. ಇಪ್ಪತ್ತೇಳು ವರ್ಷದ ದನಿಯನ್ನೆಲ್ಲ ಸುರಿದೆ. ಆಮೇಲೆ, ಜನ ಏನು ಹೊಗಳಿದ್ದಾರೆಂದು ಪರದೆಯ ಬದಿ ನೋಡಿದೆ.

ಯಾರೂ ನನ್ನ ಬಗ್ಗೆ ಒಂದು ಅಕ್ಷರ ಬರೆದಿರಲಿಲ್ಲ. ಹೇಗೆ ಬರೆದಾರು? ಎದುರಿಗಿದ್ದದ್ದು ಕಪ್ಪು ಮೈಕು. ಪಕ್ಕದಲ್ಲಿ ಯಾರು ಅರಚಿದರೂ ಅದಕ್ಕೆ ಕಿವುಡು.

ತೋಡಿದ ಗುಂಡಿಗೆ ತೋಡಿದವನೇ ಬೀಳುತ್ತಾನೆ ಎಂಬುದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಅಳತೆ ಇಷ್ಟು ಸರಿಯಾಗಿರುತ್ತದೆಂದು ಗೊತ್ತಿರಲಿಲ್ಲ. ನಗಲೋ ಅಳಲೋ ತಿಳಿಯದೆ ಕೂತಿದ್ದಾಗ ಒಂದು ಸಾಲು ಬಂತು. ಓದಿ ಹೇಳುವುದು ಸ್ಟೂಲಿನಲ್ಲಿ ಕೂತವನ ಕೆಲಸ. ನುಂಗಿಬಿಡಬಹುದಿತ್ತು. ಆದರೆ ಟಿಕೆಟ್ ಕೊಡದೆ ಕಾಸು ಜೇಬಿಗಿಳಿಸಿದವನು ನಾನಲ್ಲ. ಓದಿದೆ: "ಕಂಡಕ್ಟರ್ ಮೇಡಂ ಇಲ್ಲದೆ ಬಸ್ಸಲ್ಲಿ ಜೀವ ಇಲ್ಲ. ಅವರನ್ನ ಯಾಕೆ ಇಳಿಸಿದ್ರಿ?"

ಭಾವ ಒಂದು ತಿರುವು ದಾಟಿಸಿದರು. ಆಮೇಲೆ ಮೈಕಿಗೆ, "ನಾನು ಇಳಿಸಲಿಲ್ಲಪ್ಪ. ಯಾಕೋ ಅವಳೇ ಬರಲ್ಲ" ಎಂದರು. ಅವರ ದನಿ ಸಣ್ಣದಾಗಿತ್ತು. ಎಷ್ಟೋ ವರ್ಷ ಜೊತೆಗಿದ್ದೂ ಆ ದನಿ ನಾನು ಕೇಳಿರಲಿಲ್ಲ. ಅದು ನನಗಾಗಿ ಅಲ್ಲ, ಅವಳಿಗಾಗಿ. ಆ ಗಳಿಗೆಯಲ್ಲೂ ನನಗೆ ಕಿಚ್ಚು ಹೊತ್ತಿತು. ಜೊತೆಗೆ ನಾಚಿಕೆಯೂ ಆಯಿತು.

"ಭಾವ, ಅವತ್ತು ಅಂಗಡಿಯಲ್ಲಿ ಮೈಕಿಗೆ ನಾನು ಕೊಟ್ಟಿದ್ದು ಸುಳ್ಳು ರೈಟು."

ಅವರ ಕಾಲು ಬ್ರೇಕಿಗೆ ಹೋಯಿತು. ಹಿಮದ ದಾರಿಯ ನಡುವೆ ಬಸ್ ನಿಂತಿತು, ಯಾವ ಗೊಂಬೆಯೂ ಅಲುಗಲಿಲ್ಲ.

"ಯಾರಾದ್ರೂ ಬಿದ್ರಾ?"

"ಹುಡುಗಿ ಬಿದ್ಲು."

ಭಾವ ಹ್ಯಾಂಡ್‌ಬ್ರೇಕ್ ಎಳೆದರು. "ಹೋಗಿ ಹತ್ತಿಸ್ಕೊಂಡು ಬಾ. ನಿಲ್ಲಿಸಿರ್ತೀನಿ."

ಪರದೆಯ ಬದಿಯಲ್ಲಿ ಸಾಲುಗಳು ಓಡಿದವು. ಬಿದ್ದಿದ್ದು ಯಾರು? ಡ್ರೈವರ್ ಯಾರ ಜೊತೆ ಮಾತಾಡ್ತಿದ್ದಾರೆ? ನನ್ನ ತಪ್ಪೊಪ್ಪಿಗೆ ಆ ಕೋಣೆಯಿಂದಾಚೆ ಹೋಗಿರಲಿಲ್ಲ. ಕಪ್ಪು ಮೈಕಿನಿಂದ ನನಗಾದ ಉಪಕಾರ ಅದೊಂದೇ.

ಸೊಸೆ ತನ್ನ ಕೋಣೆಯಲ್ಲಿ ಫೋನಿನ ವೈರು ಸುತ್ತುತ್ತಿದ್ದಳು. ಮೇಜಿನ ಮೇಲೆ ಕೆಲಸವೇನೂ ಇರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ. ಅವಳು ವೈರಿನ ಗಂಟನ್ನೇ ನೋಡುತ್ತ ಕೇಳಿದಳು.

"ದೊಡ್ಡಮಾವಂಗೆ ನನ್ನ ದನಿ ಬೇಡವಾಯ್ತು ಅಂತ ಅಂದುಕೊಂಡಿದ್ದೆ" ಎಂದಳು. "ಹೇಳೋಕೆ ಸಂಕೋಚ ಆಗಿ, ಹಾಗೆ ಮೈಕ್ ತಂದ್ರು ಅಂತ."

"ಬೇಡವಾಗಿದ್ದು ನನಗೆ."

"ನಾನೇನು ಮಾಡಿದ್ದೆ ಚಿಕ್ಕಮಾವ?"

"ಭಾವ ನಿನ್ನನ್ನ ಕಂಡಕ್ಟರ್ ಅಂದ್ರು."

ಅವಳು ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ. ವೈರನ್ನು ಮೇಜಿನ ಮೇಲಿಟ್ಟು, ಅಂಗೈಯಿಂದ ಕಣ್ಣೊರೆಸಿಕೊಂಡು, ನನ್ನನ್ನು ದಾಟಿ ಹೋದಳು.

ನಾನು ಹಿಂದೆ ಹೋಗುವಷ್ಟರಲ್ಲಿ ಸ್ಟೂಲಿನಲ್ಲಿ ಕೂತಿದ್ದಳು. ಭಾವ ಮೈಕನ್ನು ತಮ್ಮ ಬಾಯಿಯಿಂದ ಅವಳ ಕಡೆಗೆ ತಿರುಗಿಸಿದ್ದರು. ಅವಳು "ನಮಸ್ಕಾರ, ಬಸ್ ಸ್ವಲ್ಪ ತಡ ಆಯ್ತು" ಎಂದದ್ದೇ ತಡ, ನಲವತ್ತೇ ಜನರಾದರೂ ನಾನೂರು ಜನರಷ್ಟು ಗದ್ದಲ ಬರೆದು ತುಂಬಿದರು. ನನಗೆ ಕೂರಲು ಜಾಗವಿರಲಿಲ್ಲ. ಬಾಗಿಲಲ್ಲಿ ನಿಂತೆ. ಕಂಡಕ್ಟರ್ ನಿಲ್ಲುವ ಜಾಗವೂ ಅದೇ ತಾನೇ.

"ನೀವೇ ರೈಟ್ ಕೊಡಿ ಚಿಕ್ಕಮಾವ" ಎಂದಳು ಅವಳು, ತಿರುಗದೆ. ನಾನು ಕೇಳದೆಯೇ ಆ ಅವಕಾಶ ಕೊಟ್ಟಳು. ನಾನಾಗಿದ್ದರೆ ಕೊಡುತ್ತಿರಲಿಲ್ಲ.

ರಸ್ತೆ ನೋಡಿದೆ. ಬಾಗಿಲು ನೋಡಿದೆ. ಮೆಟ್ಟಿಲ ಮೇಲೆ ಯಾವ ಗೊಂಬೆಯ ಕಾಲೂ ಇಲ್ಲವೆಂದು ಎರಡೆರಡು ಸಲ ನೋಡಿದೆ. ಬಾಗಿಲಿನ ಚೌಕಟ್ಟನ್ನು ಎರಡು ಸಲ ತಟ್ಟಿದೆ.

"ರೈಟ್."

ಭಾವ ಕ್ಲಚ್ ಒತ್ತಿದರು, ಗೇರ್ ಹಾಕಿದರು. ಆಮೇಲೆ ಕತ್ತು ತಿರುಗಿಸಿ ಹಿಂದಕ್ಕೆ ನೋಡಿದರು. ನನ್ನನ್ನು, ಬಾಗಿಲನ್ನು, ಮತ್ತೆ ನನ್ನನ್ನು. ನೋಡಿಕೊಂಡು ಮುಂದೆ ತಿರುಗಿ ಬಸ್ ಬಿಟ್ಟರು.

ಬೆನ್ನ ಹಿಂದಿನ ಕ್ಯಾಮೆರಾದಲ್ಲಿ ಅವರ ಮುಖ ಕಂಡದ್ದು ಅದೇ ಮೊದಲು. ಜನ ಹುಚ್ಚೆದ್ದು ಬರೆಯತೊಡಗಿದರು. ಡ್ರೈವರ್ ಮುಖ ಕಂಡೆವು, ಕೊನೆಗೂ ನಮ್ಮ ಕಡೆ ತಿರುಗಿದರು, ಇನ್ನೊಮ್ಮೆ ತಿರುಗಲಿ. ಸೊಸೆ ಒಂದೊಂದನ್ನೂ ನಗುತ್ತ ಓದಿ ಹೇಳುತ್ತಿದ್ದಳು. ಭಾವ ಯಾಕೆ ತಿರುಗಿದರೆಂದು ಗೊತ್ತಿದ್ದದ್ದು ಅವರಿಗೆ ಮತ್ತು ನನಗೆ. ನಾನು ಬಾಗಿಲಲ್ಲೇ ನಿಂತು ಮುಂದಿನ ನಿಲ್ದಾಣಕ್ಕೆ ಕಾದೆ.